ಮೂಡದ ಗರ್ಭಕೋಶ: ಮೇಯರ್‌ನಿಂದ ವಂಶವಾಹಿಗಳ ಚಟುವಟಿಕೆಯವರೆಗೆ

ಪೀಠಿಕೆ

ಬಾಗಲಕೋಟೆ ತಾಲ್ಲೂಕಿನ ತುಳಸಿಗೇರಿಯ ಸುತ್ತಿನ ಸೀಮೆಯಲ್ಲಿ ಹುಡುಗಿ ಮೈನೆರೆದರೆ ಆರತಿ, ಬಸುರಿಯಾದರೆ ಕುಬಸ. ನಾಗನಾಥನ ಕೊಳ್ಳದಿಂದ ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಬಂದ ಲಜ್ಜಾಗೌರಿಯ ಶಿಲ್ಪವನ್ನು ನೋಡಿದರೆ, ಈ ನೆಲದಲ್ಲಿ ಫಲವಂತಿಕೆಯ ಆರಾಧನೆ ಎಷ್ಟು ಹಳೆಯದೆಂದು ತಿಳಿಯುತ್ತದೆ. ಇಂಥ ಸಮಾಜದಲ್ಲಿ ಗರ್ಭಕೋಶವೇ ಮೂಡದೆ ಹುಟ್ಟಿದ ಹುಡುಗಿಯ ವಿಷಯ ತಿಳಿದಾಗ ಮೊದಲು ಏಳುವ ಪ್ರಶ್ನೆ: ಇದು ಯಾರ ತಪ್ಪು? ಈ ಪ್ರಶ್ನೆಗೆ ವೈದ್ಯವಿಜ್ಞಾನ ಕಂಡುಕೊಂಡ ಉತ್ತರಗಳ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೇಯರ್-ರೋಕಿಟಾನ್‌ಸ್ಕಿ-ಕ್ಯೂಸ್ಟರ್-ಹೌಸರ್ ಸಿಂಡ್ರೋಮ್ (ಎಂಆರ್‌ಕೆಎಚ್) ಸುಮಾರು 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ವರ್ಣತಂತುಗಳು 46 ಎಕ್ಸ್ಎಕ್ಸ್, ಅಂಡಾಶಯಗಳು ಸಹಜ, ಎದೆ, ಮೈಕಟ್ಟು ಎಲ್ಲರಂತೆ ಬೆಳೆಯುತ್ತವೆ. ಗರ್ಭಕೋಶ ಮತ್ತು ಯೋನಿಯ ಮೇಲ್ಭಾಗ ಮಾತ್ರ ಇರುವುದಿಲ್ಲ, ಇದ್ದರೂ ಕುರುಹಿನಷ್ಟು. ಹಾಗಾಗಿ ಹದಿನಾರು ತುಂಬಿದರೂ ಮುಟ್ಟಾಗಲಿಲ್ಲವೆಂಬ ಚಿಂತೆಯಿಂದಲೇ ಇದು ಸಾಮಾನ್ಯವಾಗಿ ಬೆಳಕಿಗೆ ಬರುತ್ತದೆ.

ಹೆಸರಿಗೆ ಮುಂಚೆ, ಹೆಸರಾದ ಮೇಲೆ

ಚರಕಸಂಹಿತೆಯ ಚಿಕಿತ್ಸಾಸ್ಥಾನ ಇಪ್ಪತ್ತು ಯೋನಿರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ ಎರಡು ಹುಟ್ಟಿನಿಂದಲೇ ಬರುವಂಥವು. ದ್ವಾರ ಸೂಜಿಮೊನೆಯಷ್ಟು ಕಿರಿದಾದ ಸೂಚೀಮುಖಿಗೆ ಕಾರಣ ತಾಯಿಯ ದೋಷ. ಎದೆ ಬೆಳೆಯದ ಷಂಢಿಗೆ ಕಾರಣ ಬೀಜದೋಷ. ಎರಡೂ ಎಂಆರ್‌ಕೆಎಚ್ ಅಲ್ಲ. ಆದರೆ ಹೊಣೆಯನ್ನು ತಾಯಿಯ ಮೇಲೆ ಹೊರಿಸುವ ವಿವರಣೆಯೂ, ಮೂಲವನ್ನು ಬೀಜದಲ್ಲಿ ಹುಡುಕುವ ವಿವರಣೆಯೂ ಒಂದೇ ಗ್ರಂಥದಲ್ಲಿ ಸಿಗುವುದು ಗಮನಾರ್ಹ.

1829ರಲ್ಲಿ ಬಾನ್ ನಗರದ ಅಂಗರಚನಾಶಾಸ್ತ್ರಜ್ಞ ಮೇಯರ್ ಈ ಸ್ಥಿತಿಯನ್ನು ವರ್ಣಿಸಿದ. ಮರುವರ್ಷ ಅದೇ ಬಾನ್‌ನಲ್ಲಿದ್ದ ಯೋಹಾನೆಸ್ ಮ್ಯೂಲರ್, ಹೆಣ್ಣಿನ ಜನನಾಂಗಗಳು ಮೂಡುವ ಭ್ರೂಣನಾಳಗಳ ವಿವರ ಪ್ರಕಟಿಸಿದ. ಆ ನಾಳಗಳಿಗೆ ಇಂದಿಗೂ ಅವನದೇ ಹೆಸರು. 1838ರಲ್ಲಿ ರೋಕಿಟಾನ್‌ಸ್ಕಿ, 1910ರಲ್ಲಿ ಕ್ಯೂಸ್ಟರ್ ಇನ್ನಷ್ಟು ಪ್ರಕರಣಗಳನ್ನು ಸೇರಿಸಿದರು. 1961ರಲ್ಲಿ ಹೌಸರ್, ಹೊರನೋಟಕ್ಕೆ ಇದನ್ನೇ ಹೋಲುವ ಆಂಡ್ರೋಜನ್ ಅಸಂವೇದನೆಯಿಂದ (ಗಂಡು ಹಾರ್ಮೋನಿಗೆ ದೇಹ ಸ್ಪಂದಿಸದ ಸ್ಥಿತಿಯಿಂದ) ಇದನ್ನು ಸ್ಪಷ್ಟವಾಗಿ ಬೇರ್ಪಡಿಸಿದ. ಅಂಗ ಇಲ್ಲವೆಂಬುದು ದಾಖಲಾದಾಗಿನಿಂದ ಹೆಸರು ನೆಲೆಗೊಳ್ಳಲು ಸುಮಾರು ನೂರಮೂವತ್ತು ವರ್ಷ ಹಿಡಿಯಿತು. ಏಕೆ ಇಲ್ಲ ಎಂಬುದು ಆಗಲೂ ತಿಳಿದಿರಲಿಲ್ಲ.

ವಂಶವಾಹಿಗಳ ಸರದಿ

ಆ ಕಾರಣದ ಹುಡುಕಾಟಕ್ಕೆ ದಾರಿ ತೆರೆದದ್ದು ಮೊಲದ ಭ್ರೂಣ. 1947ರಲ್ಲಿ ಆಲ್ಫ್ರೆಡ್ ಜೋಸ್ಟ್, ಗಂಡು ಭ್ರೂಣದ ವೃಷಣವನ್ನು ತೆಗೆದರೆ ಮ್ಯೂಲರ್ ನಾಳಗಳು ಉಳಿದುಕೊಳ್ಳುತ್ತವೆಂದು ತೋರಿಸಿದ. ಗಂಡಿನಲ್ಲಿ ಅವನ್ನು ಕರಗಿಸುವ ಹಾರ್ಮೋನ್ ಮುಂದೆ ಗುರುತಿಸಲ್ಪಟ್ಟಿತು. ಎಂಆರ್‌ಕೆಎಚ್‌ನಲ್ಲೂ ಆ ಹಾರ್ಮೋನೇ ಅಕಾಲದಲ್ಲಿ ಕೆಲಸ ಮಾಡಿರಬಹುದೇ ಎಂಬ ಊಹೆಯನ್ನು ಸಂಶೋಧಕರು ಪರೀಕ್ಷಿಸಿದರು. ಬಲವಾದ ಪುರಾವೆ ದೊರೆಯಲಿಲ್ಲ.

1999ರಲ್ಲಿ ವಿಂಟ್-4 ವಂಶವಾಹಿ ಇಲ್ಲದ ಹೆಣ್ಣಿಲಿಗಳಲ್ಲಿ ಮ್ಯೂಲರ್ ನಾಳಗಳೇ ಮೂಡುವುದಿಲ್ಲವೆಂದು ಕಂಡುಬಂತು. 2004ರಲ್ಲಿ ಇದೇ ವಂಶವಾಹಿಯ ದೋಷ ಒಬ್ಬ ಯುವತಿಯಲ್ಲಿ ಸಿಕ್ಕಿತು. ಆದರೆ ಆಕೆಯಲ್ಲಿ ಗಂಡು ಹಾರ್ಮೋನಿನ ಪ್ರಮಾಣವೂ ಹೆಚ್ಚಿತ್ತು. ಬಹುಪಾಲು ಎಂಆರ್‌ಕೆಎಚ್ ಮಹಿಳೆಯರಲ್ಲಿ ಹಾಗಿರುವುದಿಲ್ಲ; ಅವರಲ್ಲಿ ಈ ದೋಷವೂ ಕಾಣಲಿಲ್ಲ.

ಮುಂದೆ 17ನೇ ವರ್ಣತಂತುವಿನ 17ಕ್ಯೂ12 ಭಾಗ, 16ನೆಯದರ 16ಪಿ11.2 ಭಾಗ ಕೆಲವರಲ್ಲಿ ಕಳಚಿಹೋಗಿರುವುದು ಪತ್ತೆಯಾಯಿತು. 2017ರಲ್ಲಿ ಮೂತ್ರಪಿಂಡ ಮೂಡದಿರುವುದಕ್ಕೆ ಕಾರಣವೆಂದು ಗುರುತಿಸಲಾದ ಜಿಆರ್‌ಇಬಿ1ಎಲ್ ವಂಶವಾಹಿಯ ದೋಷ, 2019ರಲ್ಲಿ ಎಂಆರ್‌ಕೆಎಚ್ ಇರುವ ಕುಟುಂಬದಲ್ಲೂ ಕಂಡಿತು. ಮೂತ್ರಪಿಂಡಕ್ಕೂ ಗರ್ಭಕೋಶಕ್ಕೂ ಈ ನಂಟೇಕೆ ಎಂಬುದಕ್ಕೆ ಭ್ರೂಣದಲ್ಲೇ ಉತ್ತರವಿದೆ. ಗರ್ಭ ಕಟ್ಟಿದ ಆರನೇ ವಾರದ ಹೊತ್ತಿಗೆ ಮೂಡುವ ಮ್ಯೂಲರ್ ನಾಳ, ಪಕ್ಕದ ವುಲ್ಫ್ ನಾಳವನ್ನು ಆಸರೆಯಾಗಿ ಹಿಡಿದೇ ಕೆಳಗಿಳಿಯುತ್ತದೆ. ಮೂತ್ರಪಿಂಡದ ಮೊಗ್ಗು ಒಡೆಯುವುದೂ ವುಲ್ಫ್ ನಾಳದಿಂದಲೇ. ಆದ್ದರಿಂದಲೇ ಎಂಆರ್‌ಕೆಎಚ್ ಇರುವ ಅನೇಕರಲ್ಲಿ ಒಂದು ಮೂತ್ರಪಿಂಡ ಇರುವುದಿಲ್ಲ ಅಥವಾ ಸ್ಥಾನ ತಪ್ಪಿರುತ್ತದೆ.

ಚಟುವಟಿಕೆಯನ್ನು ಓದುವ ಬಗೆ

ವಂಶವಾಹಿಯ ಅಕ್ಷರಗಳು ಸರಿಯಿದ್ದೂ ಅದು ಸಕಾಲದಲ್ಲಿ ಚಾಲೂ ಆಗದಿರಬಹುದು. ಹಾಕ್ಸ್-ಎ ಗುಂಪಿನ ವಂಶವಾಹಿಗಳು ನಾಳದ ಉದ್ದಕ್ಕೂ ಸರದಿಯಂತೆ ಕೆಲಸ ಮಾಡುತ್ತವೆ: 9 ಅಂಡನಾಳದಲ್ಲಿ, 10 ಗರ್ಭಕೋಶದಲ್ಲಿ, 11 ಅದರ ಕೆಳಭಾಗ ಮತ್ತು ಕಂಠದಲ್ಲಿ, 13 ಯೋನಿಯ ಮೇಲ್ಭಾಗದಲ್ಲಿ. 2011ರಲ್ಲಿ ಜರ್ಮನಿಯ ಟ್ಯೂಬಿಂಗನ್ ತಂಡ, ಶಸ್ತ್ರಕ್ರಿಯೆಯಲ್ಲಿ ದೊರೆತ ಗರ್ಭಕೋಶದ ಕುರುಹು ಅಂಗಾಂಶವನ್ನು ಸಹಜ ಅಂಗಾಂಶದೊಂದಿಗೆ ಹೋಲಿಸಿತು. ವಂಶವಾಹಿಗಳ ಚಟುವಟಿಕೆ ಮತ್ತು ಡಿಎನ್ಎ ಮೇಲಿನ ಮಿಥೈಲ್ ಗುರುತುಗಳು, ಎರಡರಲ್ಲೂ ವ್ಯತ್ಯಾಸ ತೋರಿದವುಗಳಲ್ಲಿ ಹಾಕ್ಸ್-ಎ5, ಹಾಕ್ಸ್-ಎ9 ಸೇರಿದ್ದವು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬಳಿಗೆ ಮಾತ್ರ ಈ ಸ್ಥಿತಿಯಿರುವ ಉದಾಹರಣೆಗಳೂ ಇಂಥ ಹುಡುಕಾಟಕ್ಕೆ ಬಲ ಕೊಟ್ಟವು.

ಇಲ್ಲಿ ಎಚ್ಚರವೂ ಬೇಕು. ಪರೀಕ್ಷಿಸಿದ್ದು ಬೆಳೆದ ಮಹಿಳೆಯರ ಅಂಗಾಂಶವನ್ನು. ಘಟನೆ ನಡೆದದ್ದು ಭ್ರೂಣದಲ್ಲಿ, ವರ್ಷಗಳ ಹಿಂದೆ. ಕಾಣುವ ವ್ಯತ್ಯಾಸ ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು. ಬಹುಪಾಲು ಪ್ರಕರಣಗಳಿಗೆ ಇನ್ನೂ ಖಚಿತ ಕಾರಣ ಸಿಕ್ಕಿಲ್ಲ.

ನಮ್ಮ ಸೀಮೆಗೆ ಇದರ ಅರ್ಥ

1980ರ ದಶಕದ ಅಧ್ಯಯನಗಳ ಪ್ರಕಾರ ದಕ್ಷಿಣ ಕರ್ನಾಟಕದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತಿತ್ತು. ಸೋದರಮಾವನೊಂದಿಗಿನ ಮದುವೆಯ ರೂಢಿ ಉತ್ತರ ಕರ್ನಾಟಕದಲ್ಲೂ ಇದೆ. ಹಾಗಾಗಿ ಮನೆಯವರು ಮೊದಲು ಶಂಕಿಸುವುದು ಅದನ್ನೇ. ಆದರೆ ಮೇಲೆ ಹೇಳಿದ ವರ್ಣತಂತುವಿನ ಲೋಪಗಳಿಗೆ ಎರಡೂ ಕಡೆಯಿಂದ ದೋಷ ಬರಬೇಕಿಲ್ಲ. ಒಂದು ಪ್ರತಿ ಕಳಚಿದರೂ ಸಾಕು. ಹೆಚ್ಚಿನ ಪ್ರಕರಣಗಳು ಮನೆತನದಲ್ಲಿ ಅದೊಂದೇ ಆಗಿರುತ್ತವೆ.

ಕರ್ನಾಟಕದ ನೆರೆಯ ಸೊಲ್ಲಾಪುರದ, ಗರ್ಭಕೋಶವಿಲ್ಲದೆ ಹುಟ್ಟಿದ ಯುವತಿಯೊಬ್ಬರಿಗೆ 2017ರ ಮೇ ತಿಂಗಳಲ್ಲಿ ಪುಣೆಯಲ್ಲಿ ತಾಯಿಯ ಗರ್ಭಕೋಶವನ್ನೇ ಕಸಿ ಮಾಡಲಾಯಿತು. ಅದು ಭಾರತದ ಮೊದಲ ಯಶಸ್ವಿ ಗರ್ಭಕೋಶ ಕಸಿಗಳಲ್ಲೊಂದು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಎಂಆರ್‌ಕೆಎಚ್ ಇದ್ದ, ಸ್ವಂತ ಅಂಡಾಣುವೂ ಲಭ್ಯವಿಲ್ಲದ ಮಹಿಳೆಯೊಬ್ಬರಿಗೆ ದಾನಿಯ ಅಂಡಾಣು ಬಳಸಿ ಬಾಡಿಗೆ ತಾಯ್ತನ ಪಡೆಯಲು ದಾರಿ ತೆರೆಯಿತು.

ಉಪಸಂಹಾರ

ವಂಶವಾಹಿಗಳ ಪಟ್ಟಿ ಇನ್ನೂ ಅಪೂರ್ಣ. ಆದರೂ ಎರಡು ಶತಮಾನಗಳ ಶೋಧ ಒಂದು ಮಾತನ್ನು ದೃಢಪಡಿಸಿದೆ: ಈ ಸ್ಥಿತಿ ಭ್ರೂಣದ ಮೊದಲ ಕೆಲವೇ ವಾರಗಳಲ್ಲಿ ನಿರ್ಧಾರವಾಗುತ್ತದೆ, ಹುಡುಗಿ ಮಾಡಿದ್ದರಿಂದ ಏನೂ ಆಗಿಲ್ಲ, ತಾಯಿಯನ್ನು ದೂರಲು ಆಧಾರವೂ ಇಲ್ಲ. ಎದೆ ಬೆಳೆದೂ ಹದಿನೈದು ತುಂಬುವಷ್ಟರಲ್ಲಿ ಮುಟ್ಟಾಗದ ಹುಡುಗಿಯನ್ನು ಮದುವೆಯ ಮಾತು ಬರುವವರೆಗೆ ಕಾಯಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಜೊತೆಗೆ ಮೂತ್ರಪಿಂಡಗಳನ್ನೂ ನೋಡಿಸಬೇಕು. ನಿಜವನ್ನು ಮೊದಲು ಆಕೆಗೇ, ಆಕೆಯ ಭಾಷೆಯಲ್ಲೇ ತಿಳಿಹೇಳಬೇಕು. ಈ ಜ್ಞಾನವನ್ನು ಹಳ್ಳಿಯ ಆಶಾ ಕಾರ್ಯಕರ್ತೆಯರವರೆಗೆ ತಲುಪಿಸುವುದು ಸಂಶೋಧನೆಯಷ್ಟೇ ಮಹತ್ವದ ಕೆಲಸ.