ಗಾಂವದೇವಿಯ ಸೊಸೈಟಿ, ನಮ್ಮ ಮುಲುಂಡಿನ ಬಿಲ್ಡಿಂಗು

ಮೊನ್ನೆ ತಾಡದೇವಿನ ತಲ್ಮಕಿವಾಡಿಗೆ ಹೋಗಿದ್ದೆ. ಜೊತೆಯಲ್ಲಿದ್ದ ಮೊಮ್ಮಗ "ಅಜ್ಜಾ, ತಲ್ಮಕಿ ಅಂದ್ರೆ ಯಾರು?" ಅಂತ ಕೇಳಿದ. ಇಪ್ಪತ್ತೈದು ವರ್ಷ ಈ ಊರಲ್ಲಿ ಮನೆ ಕಟ್ಟಿ ಮಾರಿದವನು ನಾನು. ಅವನಿಗೆ ಹೇಳಿದ್ದನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅವನಿಗೆ ಹೇಳದೆ ಬಿಟ್ಟದ್ದೂ ಸ್ವಲ್ಪ ಇದೆ.

ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಅಲ್ಲಿಯವರಿಗೆ ಓದಿಗೂ ನೌಕರಿಗೂ ಮುಂಬಯಿಯೇ ದಾರಿ. ಚಿತ್ರಾಪುರ ಸಾರಸ್ವತರು ಹೀಗೆ ಬಂದವರು. ಮನೆಮಾತು ಕೊಂಕಣಿ, ಓದು ಬರಹ ಕನ್ನಡ. ಸಂಬಳ ಬರುತ್ತಿತ್ತು, ಮನೆ ಮಾತ್ರ ಸಿಗುತ್ತಿರಲಿಲ್ಲ. 1896ರ ಪ್ಲೇಗಿನ ನಂತರ, 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿ, ಕಿಷ್ಕಿಂಧೆಯಂಥ ವಠಾರಗಳನ್ನು ಕೆಡವಿ ರಸ್ತೆ, ನಿವೇಶನ ಮಾಡಿಸತೊಡಗಿತು. ಆದರೆ ಗುಮಾಸ್ತನ ಸಂಬಳದಲ್ಲಿ ಒಬ್ಬನೇ ನಿವೇಶನ ಹಿಡಿಯುವುದು ಎಲ್ಲಿಂದ ಬಂತು?

ಇಲ್ಲಿ ಬರುತ್ತಾರೆ ರಾವ್ ಬಹದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ. 1904ರ ಸಹಕಾರಿ ಕಾಯ್ದೆಯಲ್ಲಿ ಸಾಲದ ಸಂಘಕ್ಕೆ ಮಾತ್ರ ಅವಕಾಶವಿತ್ತು. ಅದನ್ನೇ ಹಿಡಿದು 1906ರಲ್ಲಿ, ತಮಗೆ ಗುರುಸಮಾನರಾಗಿದ್ದ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಒಂದು ಸಾಲದ ಸಂಘ ಕಟ್ಟಿದರು. ಅದೇ ಮುಂದೆ ಎಸ್‌ವಿಸಿ ಬ್ಯಾಂಕ್ ಆಯಿತು. 1912ರ ಕಾಯ್ದೆ ಬೇರೆ ಉದ್ದೇಶದ ಸಂಘಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಗಾಂವದೇವಿಯ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ರಿಜಿಸ್ಟರ್ ಆಯಿತು. ಏಷ್ಯಾದಲ್ಲೇ ಮೊದಲನೆಯದು ಎಂಬ ಹೆಸರು ಅದಕ್ಕಿದೆ.

ಅದರ ಕ್ರಮ ಗಮನಿಸಬೇಕು. ಮೊದಲು ಜನ ಸೇರಿ ಷೇರು ಹಣ ಹಾಕಿದರು, ಆಮೇಲೆ ಕಟ್ಟಡ ಎದ್ದಿತು. ಕಟ್ಟಡ ಯಾವೊಬ್ಬನದೂ ಅಲ್ಲ, ಸೊಸೈಟಿಯದು. ಸದಸ್ಯ ತನ್ನದೇ ಸೊಸೈಟಿಗೆ ಬಾಡಿಗೆ ಕಟ್ಟುತ್ತಾನೆ. ನಡುವೆ ಲಾಭ ಹೊಡೆಯುವ ನಮ್ಮಂಥವನಿಗೆ ಜಾಗವೇ ಇಲ್ಲ!

ನಮ್ಮಂಥವರು ಹುಟ್ಟಿದ್ದು ಹೇಗೆ? 1947ರ ಬಾಡಿಗೆ ಕಾಯ್ದೆ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಗೆಂದು ಕಟ್ಟುವುದರಲ್ಲಿ ಏನೂ ಉಳಿಯದಂತಾಯಿತು. ಚಾಳಿನ ಮಾಲೀಕರು ಪಗಡಿಗೆ ಕೈಯೊಡ್ಡಿದರು, ಹೊಸಬರು ಫ್ಲ್ಯಾಟ್ ಕಟ್ಟಿ ಮಾರತೊಡಗಿದರು. ಮುಂಗಡ ತೆಗೆದುಕೊಂಡು ನಾಪತ್ತೆಯಾಗುವವರ ಕಾಟ ಹೆಚ್ಚಿ 1963ರಲ್ಲಿ ಮೋಫಾ ಬಂತು. ಮುಂಗಡಕ್ಕೆ ಮೊದಲು ಬರಹದ ಕರಾರು ಮಾಡಬೇಕು, ಸೊಸೈಟಿ ಮಾಡಿಕೊಡಬೇಕು, ಕೊನೆಗೆ ಜಾಗವನ್ನೂ ಕಟ್ಟಡವನ್ನೂ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಈ ಕೊನೆಯದಕ್ಕೇ ಕನ್ವೇಯನ್ಸ್ ಅನ್ನುವುದು. ತಲ್ಮಕಿಯವರ ಕ್ರಮ ತಲೆಕೆಳಗಾಯಿತು: ಕಟ್ಟಡ ಮೊದಲು, ಸೊಸೈಟಿ ಆಮೇಲೆ, ಜಾಗ ಯಾವತ್ತೋ.

ನಾನು ಕುಂದಾಪುರ ಕಡೆಯವನು. 1967ರಲ್ಲಿ ಬಂದು, ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ, ನಂತರ ಒಬ್ಬ ಕಾಂಟ್ರಾಕ್ಟರರ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. 1982ರಲ್ಲಿ ಇಬ್ಬರು ಪಾರ್ಟ್ನರುಗಳ ಜೊತೆ ಮುಲುಂಡಿನಲ್ಲಿ 480 ಚದರ ಮೀಟರಿನ ಪ್ಲಾಟು ಹಿಡಿದೆವು. 480 ಯಾಕೆ ಅಂತೀರಾ? 1976ರ ಲ್ಯಾಂಡ್ ಸೀಲಿಂಗ್ ಕಾಯ್ದೆ ಮುಂಬಯಿಗೆ 500 ಚದರ ಮೀಟರಿನ ಮಿತಿ ಹಾಕಿತ್ತು. ದೊಡ್ಡ ಜಾಗಗಳು ಪರವಾನಗಿಗೆಂದು ಸರಕಾರಿ ಕಚೇರಿಗಳಲ್ಲಿ ಕೊಳೆಯುತ್ತಿದ್ದಾಗ ಸಣ್ಣ ತುಂಡುಗಳು ಸಣ್ಣವರ ಪಾಲಿಗೆ ಉಳಿದವು. ಉಪನಗರದಲ್ಲಿ ಎಫ್‌ಎಸ್‌ಐ 1, ಅಂದರೆ ಜಾಗದಷ್ಟೇ ಕಟ್ಟಡ; ಲೆಕ್ಕ ಹಾಕಿದರೆ ಸುಮಾರು 430 ಚದರ ಅಡಿಯ 12 ಮನೆಗಳು.

ನಮ್ಮ ಕೈಯಲ್ಲಿದ್ದ ಹಣ ಜಾಗಕ್ಕೇ ಸಾಲುತ್ತಿರಲಿಲ್ಲ. ಮ್ಯುನಿಸಿಪಾಲಿಟಿಯ ಐಓಡಿ ಬಂದ ಕೂಡಲೇ ಬುಕಿಂಗ್ ಶುರು. (ಐಓಡಿ ಅಂದರೆ 'ಇಂಟಿಮೇಶನ್ ಆಫ್ ಡಿಸ್‌ಅಪ್ರೂವಲ್'. ಒಪ್ಪಿಗೆಗೆ ಅಸಮ್ಮತಿ ಅಂತ ಹೆಸರಿಟ್ಟ ಊರು ಇದೊಂದೇ ಇರಬೇಕು!) ಪ್ಲಿಂಥಿಗೆ ಇಷ್ಟು, ಪ್ರತಿ ಸ್ಲ್ಯಾಬಿಗೆ ಇಷ್ಟು ಎಂದು ಕಂತು ಬರುತ್ತಿತ್ತು, ಸ್ವಲ್ಪ ಚೆಕ್ಕು, ಸ್ವಲ್ಪ ಕ್ಯಾಶು, ಸುಳ್ಳು ಯಾಕೆ ಹೇಳಲಿ. ಸಿಮೆಂಟಿನವನಿಗೆ ಕೊಟ್ಟದ್ದು, ಕೂಲಿಗೆ ಕೊಟ್ಟದ್ದು, ನನ್ನ ಮಗಳ ಶಾಲೆ ಫೀಸು, ಎಲ್ಲ ಆ ಹನ್ನೆರಡು ಮನೆಯವರ ದುಡ್ಡೇ. 1985ರಲ್ಲಿ ಬೀಗದ ಕೈ ಕೊಟ್ಟೆವು. ಸೊಸೈಟಿಯನ್ನೂ ಮಾಡಿಕೊಟ್ಟೆವು.

ಕನ್ವೇಯನ್ಸ್ ಮಾತ್ರ ಕೊಡಲಿಲ್ಲ. ನಿಯಮದಲ್ಲಿ ನಾಲ್ಕು ತಿಂಗಳು. ಯಾರೂ ಕೊಡುತ್ತಿರಲಿಲ್ಲ, ನಾವೂ ಕೊಡಲಿಲ್ಲ, ಅಷ್ಟೇ. ಸೊಸೈಟಿಯ ಸೆಕ್ರೆಟರಿ ಒಬ್ಬ ಮರಾಠಿ ಶಾಲೆಯ ಮಾಸ್ತರು, ಪ್ರತಿ ದೀಪಾವಳಿಗೆ ಫೈಲು ಹಿಡಿದು ಬಂದು "ಶೇಟ್, ಕನ್ವೇಯನ್ಸ್?" ಎನ್ನುವರು. ನಾನು ಚಹಾ ತರಿಸುವೆ. 1991ರಲ್ಲಿ ಹೊಸ ನಿಯಮಾವಳಿ ಬಂದು, ಬೇರೆಡೆಯ ಟಿಡಿಆರ್ ಕೊಂಡು ಉಪನಗರದಲ್ಲಿ ಹೆಚ್ಚು ಮಹಡಿ ಏರಿಸಬಹುದು ಅಂತಾಯಿತು. ಆಗ ನಮ್ಮ ಆಲಸ್ಯಕ್ಕೆ ಬೆಲೆ ಬಂತು ನೋಡಿ. ಜಾಗ ಯಾರ ಹೆಸರಿನಲ್ಲಿದೆಯೋ ಮಾತು ಅವನದು. "ತಡೀರಿ, ಇದು ಚಿನ್ನ ಆಗ್ತದೆ" ಎಂದರು ನನ್ನ ಪಾರ್ಟ್ನರು. ತಡೆದೆವು, ಹದಿನೇಳು ವರ್ಷ.

2008ರಲ್ಲಿ ಮೋಫಾಕ್ಕೆ ತಿದ್ದುಪಡಿ ಆಗಿ ಡೀಮ್ಡ್ ಕನ್ವೇಯನ್ಸ್ ಬಂತು. ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿ ಸರಕಾರದ ಅಧಿಕಾರಿಗೆ ಅರ್ಜಿ ಹಾಕಬಹುದು. ಮಾಸ್ತರರು ಆ ಸುದ್ದಿಯ ಪೇಪರ್ ಕಟಿಂಗ್ ಹಿಡಿದು ಬಂದರು. ಕಣ್ಣಿಗೆ ಆಪರೇಶನ್ ಆಗಿತ್ತು. ನಾನು ವಕೀಲರನ್ನು ಕೇಳಿ ಹೇಳುತ್ತೇನೆಂದೆ. ಅವರು ಹೋದ ಮೇಲೆ ನನ್ನ ಹೆಂಡತಿ ಚಹಾದ ಲೋಟ ಎತ್ತುತ್ತಾ, "ಮಾವ ಡಿಕ್ಲರೇಶನ್ ಹಾಕಿದಾಗ ಧಣಿಗಳು ಎಷ್ಟು ಸತಾಯಿಸಿದ್ರು ಅಂತ ನೀವೇ ಹೇಳ್ತಿದ್ರಿ, ಅಲ್ದಾ?" ಅಂದಳು.

ಕರಾವಳಿಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ: 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಡಿಕ್ಲರೇಶನ್ ಸಲ್ಲಿಸಿ, ಟ್ರಿಬ್ಯೂನಲ್ ಮುಂದೆ ನಿಂತು, ತಾವು ಉಳುತ್ತಿದ್ದ ಗದ್ದೆಯನ್ನು ತಮ್ಮದಾಗಿಸಿಕೊಂಡರು. ಅಪ್ಪಯ್ಯ ಅದಕ್ಕಾಗಿ ಕುಂದಾಪುರಕ್ಕೆ ಎಷ್ಟು ಸಲ ನಡೆದಿದ್ದಾರೋ. ಆ ಗದ್ದೆಯ ಅಕ್ಕಿ ಈಗಲೂ ನಮ್ಮ ಮನೆಗೆ ಬರುತ್ತದೆ.

2009ರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿದೆ. ಒಬ್ಬ ಪಾರ್ಟ್ನರು ತೀರಿಕೊಂಡಿದ್ದರು, ಅವರ ಮಗ ಗೊಣಗಿಕೊಂಡೇ ಹಾಕಿದ. ಉಳಿದ ಐದು ಕಟ್ಟಡಗಳದ್ದನ್ನೂ ಮುಗಿಸಲು ಮತ್ತೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ವ್ಯವಹಾರವನ್ನೂ ಮುಚ್ಚಿದೆ.

ಈಗ ರೇರಾ ಇದೆ. 2017ರ ಮೇ ತಿಂಗಳಿಂದ ಮಹಾರಾಷ್ಟ್ರದಲ್ಲಿ ಮುಂಗಡದ ಶೇಕಡ 70 ಭಾಗ ಬೇರೆ ಖಾತೆಯಲ್ಲಿಡಬೇಕು. ತಮಾಷೆ ಅಂದರೆ, 500 ಚದರ ಮೀಟರ್ ಮೀರದ ಜಾಗಕ್ಕೆ ಅದರಲ್ಲಿ ನೋಂದಣಿ ಬೇಡ. ನಮ್ಮ 480ರ ಪ್ಲಾಟು ಇವತ್ತೂ ನುಸುಳುತ್ತಿತ್ತು!

ಆ ಮುಲುಂಡಿನ ಕಟ್ಟಡ 2019ರಲ್ಲಿ ರಿಡೆವಲಪ್‌ಮೆಂಟಿಗೆ ಹೋಯಿತು. ಹೊಸ ಬಿಲ್ಡರನ ಜೊತೆ ಸೊಸೈಟಿಯೇ ಕೂತು ಮಾತಾಡಿತು. ಗೃಹಪ್ರವೇಶಕ್ಕೆ ಮಾಸ್ತರರ ಸೊಸೆ ಫೋನು ಮಾಡಿ ಕರೆದಳು. ಮಾಸ್ತರರು ಇರಲಿಲ್ಲ. ಹೋಗಿ, ಊಟ ಮಾಡಿ, ಲೋಕಲ್ ಹಿಡಿದು ಬಂದೆ.