ಸೂಕ್ಷ್ಮ ಬ್ಯಾಟರಿ

ಸೂಕ್ಷ್ಮ ಬ್ಯಾಟರಿ ಎಂಬುದು ಅತಿ ಚಿಕ್ಕ ಎಲೆಕ್ಟ್ರಾನಿಕ್ ಸಾಧನಗಳಿಗೆ ವಿದ್ಯುತ್ತನ್ನು ಒದಗಿಸುವ, ಕೆಲವು ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಳತೆಯ ವಿದ್ಯುತ್ಕೋಶ. ಸಂವೇದಕಗಳಲ್ಲಿಯೂ ದೇಹದೊಳಗೆ ಅಳವಡಿಸುವ ವೈದ್ಯಕೀಯ ಉಪಕರಣಗಳಲ್ಲಿಯೂ ಇಂತಹ ಕೋಶಗಳ ಅಗತ್ಯವಿದೆ. ದೇಹದೊಳಗಿನ ಬ್ಯಾಟರಿ ಬರಿದಾದರೆ ಅದನ್ನು ಬದಲಿಸಲು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದರಿಂದ, ಮರುಚಾರ್ಜ್ ಮಾಡಬಹುದಾದ ಕೋಶಗಳಿಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ

1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬ ರೋಗಿಗೆ ಪೂರ್ಣವಾಗಿ ದೇಹದೊಳಗೇ ಇರುವ ಮೊದಲ ಪೇಸ್‌ಮೇಕರ್ ಅಳವಡಿಸಲಾಯಿತು. ಅದರ ನಿಕ್ಕೆಲ್-ಕ್ಯಾಡ್ಮಿಯಂ ಕೋಶಗಳನ್ನು ಹೊರಗಿನಿಂದ ಪ್ರೇರಣೆಯ ಮೂಲಕ ಚಾರ್ಜ್ ಮಾಡಬಹುದಾಗಿತ್ತು. ಆ ಉಪಕರಣ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. 2001ರಲ್ಲಿ ನಿಧನರಾಗುವವರೆಗೆ ಲಾರ್ಸನ್ 20ಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬಳಸಿದರು.

ತಾಂತ್ರಿಕ ತೊಡಕು

ಬ್ಯಾಟರಿಯ ಶಕ್ತಿಯು ವಿದ್ಯುದ್ವಾರಗಳ ದ್ರವ್ಯದಲ್ಲಿ ಅಡಗಿರುತ್ತದೆ. ಗಾತ್ರ ಕುಗ್ಗಿದಂತೆ ಈ ದ್ರವ್ಯ ಕಡಿಮೆಯಾಗಿ, ಹೊರಕವಚವೇ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ವಿದ್ಯುದ್ವಾರವನ್ನು ದಪ್ಪವಾಗಿಸಿದರೆ ಅಯಾನುಗಳು ಹೆಚ್ಚು ದೂರ ಚಲಿಸಬೇಕಾಗಿ, ಚಾರ್ಜ್ ಆಗುವ ವೇಗ ತಗ್ಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು ಘನ ವಿದ್ಯುದ್ವಿಚ್ಛೇದ್ಯವುಳ್ಳ ತೆಳುಪದರದ ಲಿಥಿಯಂ ಬ್ಯಾಟರಿಗಳನ್ನು ಅಭಿವೃದ್ಧಿಪಡಿಸಿತು. 2013ರಲ್ಲಿ ಹಾರ್ವರ್ಡ್ ಮತ್ತು ಇಲಿನಾಯ್ ವಿಶ್ವವಿದ್ಯಾಲಯಗಳ ತಂಡವು ಬಾಚಣಿಗೆಯ ಹಲ್ಲುಗಳಂತೆ ಹೆಣೆದುಕೊಂಡ ವಿದ್ಯುದ್ವಾರಗಳನ್ನು ತ್ರಿವಿಮ ಮುದ್ರಣದಿಂದ ರಚಿಸಿ, ಮರಳಿನ ಕಣದಷ್ಟು ಚಿಕ್ಕ ಲಿಥಿಯಂ-ಅಯಾನ್ ಬ್ಯಾಟರಿಯನ್ನು ತಯಾರಿಸಿತು.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ಮತ್ತು ಅನ್ವಯಿಕ ಭೌತವಿಜ್ಞಾನ ವಿಭಾಗದಲ್ಲಿ ಆಭಾ ಮಿಶ್ರಾ ಅವರ ತಂಡವು 2023ರಲ್ಲಿ ಅತಿಸೂಕ್ಷ್ಮ ಸೂಪರ್‌ಕೆಪಾಸಿಟರ್ ಒಂದನ್ನು ಪ್ರಕಟಪಡಿಸಿತು. ಇದು ಬ್ಯಾಟರಿಯಲ್ಲ, ರಾಸಾಯನಿಕ ಬದಲಾವಣೆಗಿಂತ ಮುಖ್ಯವಾಗಿ ಮೇಲ್ಮೈಯಲ್ಲಿ ಅಯಾನುಗಳನ್ನು ಕೂಡಿಡುವ ಸಾಧನ. ಲೋಹದ ವಿದ್ಯುದ್ವಾರಗಳ ಬದಲಿಗೆ ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರ್‌ಗಳನ್ನು ಬಳಸಿ, ಕೆಲವೇ ಪರಮಾಣುಗಳಷ್ಟು ದಪ್ಪದ ಮಾಲಿಬ್ಡಿನಂ ಡೈಸಲ್ಫೈಡ್ ಮತ್ತು ಗ್ರಾಫೀನ್ ಪದರಗಳನ್ನು ಒಂದರ ಮೇಲೊಂದರಂತೆ ಜೋಡಿಸಲಾಯಿತು. ನಿರ್ದಿಷ್ಟ ಪರಿಸ್ಥಿತಿಗಳಲ್ಲಿ ಇದರ ಧಾರಕತೆ 3,000%ರಷ್ಟು ಹೆಚ್ಚಿತು. ಗ್ರಾಫೀನ್ ಮಾತ್ರವಿದ್ದ ಸಾಧನದಲ್ಲಿ ಹೆಚ್ಚಳ 18% ಮಾತ್ರ.

ಬಳಕೆ ಮತ್ತು ಮಿತಿ

ಸೂಪರ್‌ಕೆಪಾಸಿಟರ್ ಬೇಗನೆ ಚಾರ್ಜ್ ಆಗುತ್ತದೆ, ಲಕ್ಷಾಂತರ ಬಾರಿಯ ಮರುಬಳಕೆಯನ್ನು ತಾಳಿಕೊಳ್ಳಬಲ್ಲದು. ಆದರೆ ಅಷ್ಟೇ ಗಾತ್ರದ ಬ್ಯಾಟರಿಗಿಂತ ಕಡಿಮೆ ಶಕ್ತಿಯನ್ನು ಹಿಡಿದಿಡುತ್ತದೆ ಮತ್ತು ಬೇಗ ಸೋರಿಹೋಗುತ್ತದೆ. ಆದ್ದರಿಂದ ದೀರ್ಘಕಾಲದ ಪೂರೈಕೆಗೆ ಬ್ಯಾಟರಿ, ಕ್ಷಣಿಕ ಬೇಡಿಕೆಗೆ ಸೂಪರ್‌ಕೆಪಾಸಿಟರ್ ಎಂಬಂತೆ ಇವೆರಡನ್ನೂ ಒಟ್ಟಿಗೆ ಬಳಸುವುದುಂಟು.