ಹೇಳುವ ಗುರು, ಕೇಳುವ ಗುರು

ಕಾಲೇಜು ಮೇಷ್ಟರಿಗೆ ಮಾತೇ ಕಸುಬು. ಹದಿನೆಂಟು ವರ್ಷ ಪಾಠ ಹೇಳಿದವನ ಎದುರಿಗೆ ಯಾರಾದರೂ ಬಂದು ನಿಂತರೆ ಸಾಕು, ಏನಾದರೊಂದು ಹೇಳಿಯೇಬಿಡಬೇಕೆಂಬ ಚಪಲ ತಾನಾಗಿ ಹುಟ್ಟುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ತರಗತಿ ಮುಗಿದ ಮೇಲೆ ನನ್ನ ಕೋಣೆಗೆ ಬಂದ. "ಸಾರ್, ಓದೋದಕ್ಕೆ ಮನಸ್ಸೇ ಬರ್ತಾ ಇಲ್ಲ" ಎಂದ. ನಾನು ಅರ್ಧ ಗಂಟೆ ಕಾಲ ಏಕಾಗ್ರತೆಯ ವಿಚಾರವಾಗಿ, ಹೆತ್ತವರ ಆಸೆಯ ವಿಚಾರವಾಗಿ ಸೊಗಸಾಗಿ ಮಾತನಾಡಿದೆ. "ಆಯ್ತು ಸಾರ್" ಎಂದು ಕೈಮುಗಿದು ಹೋದವನು ಮುಂದಿನ ತಿಂಗಳು ಕಾಲೇಜನ್ನೇ ಬಿಟ್ಟ. ಅವನ ತಂದೆ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು, ಮನೆಗೆ ಅವನ ದುಡಿಮೆಯೇ ಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ. ಅವನು ಹೇಳಲು ಬಂದದ್ದು ಅದನ್ನೇ ಇರಬೇಕು. ನಾನು ಕೇಳಲಿಲ್ಲ.

ಆ ಕೊರಗು ನನ್ನನ್ನು ಒಂದು ಹೊಸ ಓದಿಗೆ ಹಚ್ಚಿತು. ಆಪ್ತಸಮಾಲೋಚನೆ ಎಂದು ನಾವು ಇಂದು ಕರೆಯುವ ಕೆಲಸದ ಬೇರುಗಳಲ್ಲೊಂದು ಕ್ರೈಸ್ತ ಸಭೆಯ ಪ್ರಾಚೀನ ಪದ್ಧತಿಯಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ಅದರ ಹೆಸರು 'ಕೂರಾ ಅನಿಮಾರುಂ', ಆತ್ಮಗಳ ಆರೈಕೆ. 'ಕೂರಾ' ಎಂದರೆ ಕಾಳಜಿಯೂ ಹೌದು, ಚಿಕಿತ್ಸೆಯೂ ಹೌದು. ಈ ಪರಂಪರೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ತಪ್ಪು ನನ್ನೊಬ್ಬನದಲ್ಲವೆಂದು ತಿಳಿಯಿತು. ನೊಂದವನಿಗೆ ಹೇಳಬೇಕೋ, ಅವನಿಂದ ಕೇಳಬೇಕೋ ಎಂಬ ಪ್ರಶ್ನೆ ಅಲ್ಲಿ ಶತಮಾನಗಳುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತಿದೆ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಸಂತ ಅಂತೋನಿಯಂಥ ತಪಸ್ವಿಗಳಿದ್ದರು. "ನನಗೊಂದು ಮಾತು ಹೇಳಿ" ಎಂದು ಜನ ಬಹುದೂರದಿಂದ ನಡೆದು ಅವರಲ್ಲಿಗೆ ಬರುತ್ತಿದ್ದರು. ಅಬ್ಬಾ ಮೋಶೆ ಎಂಬ ತಪಸ್ವಿಯ ಕಥೆಯೊಂದಿದೆ. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಹಿರಿಯರು ಅವರನ್ನು ಕರೆದರಂತೆ. ಅವರು ಬೆನ್ನ ಮೇಲೆ ಒಂದು ತೂತು ಬಿದ್ದ ಪಾತ್ರೆಯನ್ನು ಹೊತ್ತು, ದಾರಿಯುದ್ದಕ್ಕೂ ಅದು ಸೋರುತ್ತಿರಲು ನಡೆದುಬಂದರು. ತನ್ನ ತಪ್ಪುಗಳು ಹೀಗೆ ಹಿಂದೆ ಸುರಿಯುತ್ತಿವೆ, ಅವು ತನಗೆ ಕಾಣವು, ಇನ್ನೊಬ್ಬನಿಗೆ ತೀರ್ಪು ಕೊಡುವುದಕ್ಕೆ ತಾನು ಬಂದಿದ್ದೇನೆ ಎಂಬುದು ಅದರ ಅರ್ಥ. ಹಿರಿಯರು ಆ ಸಹೋದರನನ್ನು ಕ್ಷಮಿಸಿದರು.

೫೯೦ರಲ್ಲಿ ರೋಮಿನ ಪೋಪರಾದ ಗ್ರೆಗರಿ ಸಭಾಪಾಲಕರಿಗಾಗಿ ಒಂದು ಕೈಪಿಡಿ ಬರೆದರು. ಅದರ ಮೂರನೆಯ ಭಾಗ ನನ್ನಂಥ ಮೇಷ್ಟರು ಓದಬೇಕಾದದ್ದು. ಬಡವ-ಬಲ್ಲಿದ, ನಗುವವ-ಮರುಗುವವ, ಮಾತುಗಾರ-ಮೌನಿ ಹೀಗೆ ಮೂವತ್ತಕ್ಕೂ ಮಿಕ್ಕ ಜೋಡಿಗಳನ್ನು ಪಟ್ಟಿಮಾಡಿ, ಒಬ್ಬನಿಗೆ ಹೇಳುವ ಬುದ್ಧಿಮಾತು ಇನ್ನೊಬ್ಬನಿಗೆ ಸಲ್ಲದೆಂದು ಅವರು ವಿವರಿಸುತ್ತಾರೆ. ಒಬ್ಬನ ರೋಗಕ್ಕೆ ಮದ್ದಾದದ್ದು ಮತ್ತೊಬ್ಬನ ರೋಗವನ್ನು ಬಲಪಡಿಸೀತು. ಗ್ರೆಗರಿಯ ಗುರು ಹೇಳುವ ಗುರುವೇ, ಸಂದೇಹವಿಲ್ಲ. ಆದರೆ ಎದುರಿಗಿರುವವನು ಯಾರೆಂದು ಅರಿಯದೆ ಅವನು ಬಾಯಿ ತೆರೆಯುವಂತಿಲ್ಲ.

೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಗುರುವು ನುರಿತ ವೈದ್ಯನಂತೆ ರೋಗಿಯ ಪರಿಸ್ಥಿತಿಯನ್ನು ವಿಚಾರಿಸಿ ತಿಳಿಯಬೇಕು. ಕೇಳಿದ ಗುಟ್ಟನ್ನು ಹೊರಗೆಡಹಿದರೆ ಪದವಿ ಕಳೆದುಕೊಂಡು ಬದುಕಿರುವವರೆಗೂ ಕಟ್ಟುನಿಟ್ಟಿನ ಮಠದಲ್ಲಿ ಪ್ರಾಯಶ್ಚಿತ್ತ ಮಾಡಬೇಕು. ಗುಟ್ಟು ಕಾಯುವ ಧರ್ಮವನ್ನು ಇಷ್ಟು ಬಿಗಿಯಾಗಿ ಆಗಲೇ ಬರೆದಿಟ್ಟಿದ್ದರು. ಆದರೂ ಕಡ್ಡಾಯವೆಂದ ಮೇಲೆ, ಹೃದಯ ಬಿಚ್ಚುವ ಸ್ಥಳ ಲೆಕ್ಕ ಒಪ್ಪಿಸುವ ಸ್ಥಳವಾಗುವ ಅಪಾಯವೂ ಇದ್ದೇ ಇತ್ತು.

ಸುಧಾರಣೆಯ ತರುವಾಯ ಪ್ರಾಟೆಸ್ಟಂಟರು ಆ ಕಡ್ಡಾಯವನ್ನು ಬಿಟ್ಟರು, ಆರೈಕೆಯನ್ನು ಬಿಡಲಿಲ್ಲ. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಊರಿನ ರಿಚರ್ಡ್ ಬ್ಯಾಕ್ಸ್‌ಟರ್ ೧೬೫೬ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಕ್ರಮವನ್ನು ತಿಳಿಸಿದ್ದಾರೆ. ಸೋಮವಾರ ಮಂಗಳವಾರ ಬೆಳಗಿನಿಂದ ಸಂಜೆಯವರೆಗೆ, ವಾರಕ್ಕೆ ಹದಿನೈದು ಹದಿನಾರು ಸಂಸಾರಗಳು. ವರ್ಷ ಕಳೆಯುವುದರೊಳಗೆ ಎಂಟುನೂರಕ್ಕೂ ಹೆಚ್ಚು ಸಂಸಾರಗಳೊಡನೆ ಮುಖಾಮುಖಿ ಮಾತು. ಸಾರ್ವಜನಿಕ ಪ್ರವಚನದಿಂದ ಆಗದ್ದು ಏಕಾಂತದ ಸಂಭಾಷಣೆಯಿಂದ ಆಗುತ್ತದೆಂಬುದು ಅವರ ಅನುಭವ.

ಇಪ್ಪತ್ತನೆಯ ಶತಮಾನದಲ್ಲಿ ಈ ಚರಿತ್ರೆಗೆ ತಿರುವು ಕೊಟ್ಟವರು ಸ್ವತಃ ರೋಗಿಯಾಗಿದ್ದ ಒಬ್ಬ ಪಾದ್ರಿ. ಅಮೆರಿಕದ ಆಂಟನ್ ಬಾಯ್ಸನ್ ೧೯೨೦ರಲ್ಲಿ ತೀವ್ರ ಮನೋವಿಕಾರಕ್ಕೆ ತುತ್ತಾಗಿ ಒಂದು ವರ್ಷಕ್ಕೂ ಮಿಕ್ಕಿ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಚೇತರಿಸಿಕೊಂಡು ೧೯೨೪ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಆಸ್ಪತ್ರೆಗೆ ಧರ್ಮಗುರುವಾಗಿ ಹೋದರು. ಮರುವರ್ಷ ಬೇಸಗೆಯಲ್ಲಿ ದೇವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿ, ವಾರ್ಡುಗಳಲ್ಲಿ ರೋಗಿಗಳ ಸೇವೆಗೆ ಹಚ್ಚಿದರು. ಗ್ರಂಥಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಜೀವಂತ ಮನುಷ್ಯನನ್ನೂ ಓದಬೇಕು ಎಂಬುದು ಅವರ ಸೂತ್ರ. ಆಸ್ಪತ್ರೆಗಳಲ್ಲಿ ಪಾದ್ರಿಗಳಿಗೆ ಕೊಡುವ ತರಬೇತಿ ಬೆಳೆದದ್ದು ಇಂಥ ಪ್ರಯತ್ನಗಳಿಂದ. ಹಾಸಿಗೆಯ ಮೇಲೆ ಮಲಗಿದ್ದವನಿಗೆ ಹಾಸಿಗೆಯ ಪಕ್ಕದಲ್ಲಿ ಹೇಗೆ ಕೂರಬೇಕೆಂಬುದು ಗೊತ್ತಿತ್ತು.

ಮುಂದೆ ಎರಡು ಪಕ್ಷಗಳಾದವು. ದೇವಶಾಸ್ತ್ರದ ವಿದ್ಯಾಲಯ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದ ಕಾರ್ಲ್ ರಾಜರ್ಸ್ ೧೯೪೨ರಲ್ಲಿ ಪ್ರಕಟಿಸಿದ ಪುಸ್ತಕ, ದಾರಿ ತೋರುವ ಬದಲು ಆಲಿಸಿರಿ ಎಂದಿತು; ಅನೇಕ ಪಾದ್ರಿಗಳು ಅದನ್ನು ಒಪ್ಪಿದರು. ಇದಕ್ಕೆ ಪ್ರತಿಯಾಗಿ ಜೇ ಆಡಮ್ಸ್ ೧೯೭೦ರಲ್ಲಿ, ಸಭಾಪಾಲಕನ ಕೆಲಸ ಬೈಬಲ್ಲಿನ ಆಧಾರದಿಂದ ತಪ್ಪನ್ನು ತೋರಿಸಿ ತಿದ್ದುವುದು ಎಂದು ವಾದಿಸಿದರು. ಎಲ್ಲ ಸಂಕಟವನ್ನೂ ಪಾಪದ ಲೆಕ್ಕಕ್ಕೆ ಸೇರಿಸಿದರೆ ರೋಗಿಯ ಮೇಲೆ ಎರಡನೆಯ ಹೊರೆ ಹೊರಿಸಿದಂತಾಗುತ್ತದೆ ಎಂಬ ಆಕ್ಷೇಪ ಅವರ ಮೇಲಿತ್ತು. ಬರಿಯ ತಲೆದೂಗುವಿಕೆಯಿಂದ ಯಾರೂ ದಡ ಸೇರರು ಎಂಬುದರಲ್ಲಿಯೂ ಸ್ವಲ್ಪ ಸತ್ಯವುಂಟು.

ನನಗೆ ಉತ್ತರ ದೊರೆತದ್ದು ಲಂಡನ್ನಿನ ಒಂದು ಚರ್ಚಿನಲ್ಲಿ. ಚ್ಯಾಡ್ ವಾರಾ ಎಂಬ ಪಾದ್ರಿ ತರುಣರಾಗಿದ್ದಾಗ, ೧೯೩೫ರಲ್ಲಿ, ಒಬ್ಬ ಹುಡುಗಿಯ ಅಂತ್ಯಕ್ರಿಯೆ ನಡೆಸಬೇಕಾಯಿತು. ಋತುಮತಿಯಾದುದನ್ನು ಕೆಟ್ಟ ರೋಗವೆಂದು ತಿಳಿದು, ಕೇಳಿ ತಿಳಿಯಲು ಯಾರೂ ಇಲ್ಲದೆ, ಆಕೆ ಪ್ರಾಣ ಕಳೆದುಕೊಂಡಿದ್ದಳು ಎಂದು ಅವರು ಹೇಳಿಕೊಂಡಿದ್ದಾರೆ. ೧೯೫೩ರ ನವೆಂಬರಿನಲ್ಲಿ ಅವರು ವಾಲ್‌ಬ್ರುಕ್‌ನ ಸಂತ ಸ್ಟೀಫನ್ನರ ಚರ್ಚಿನಲ್ಲಿ ಒಂದು ಟೆಲಿಫೋನಿಟ್ಟು, ಬದುಕು ಬೇಡವೆನಿಸಿದವರು ತಮ್ಮೊಡನೆ ಮಾತನಾಡಬಹುದೆಂದು ಸಾರಿದರು. ಬಂದವರು ಪಾದ್ರಿಗಾಗಿ ಕಾಯಬೇಕಾಗಿತ್ತು. ಅವರಿಗೆ ಚಹಾ ಕೊಟ್ಟು ಜೊತೆಗೆ ಕೂರಲು ಸಾಮಾನ್ಯ ಜನ ಕೆಲವರು ಸ್ವಯಂಸೇವಕರಾಗಿ ಬಂದಿದ್ದರು. ಕೆಲವೇ ದಿನಗಳಲ್ಲಿ ವಾರಾ ಅವರಿಗೆ ಒಂದು ವಿಚಿತ್ರ ಕಾಣಿಸಿತು: ಚಹಾ ಕುಡಿಯುತ್ತ ಮನಸ್ಸು ತೋಡಿಕೊಂಡ ಅನೇಕರಿಗೆ ಪಾದ್ರಿಯ ಅವಶ್ಯಕತೆಯೇ ಉಳಿಯುತ್ತಿರಲಿಲ್ಲ. ಅವರು ಮರುವರ್ಷ ಟೆಲಿಫೋನನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿದರು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದದ್ದು ಹೀಗೆ. ಬಂದವರಿಗೆ ಮತಬೋಧನೆ ಮಾಡಕೂಡದೆಂಬುದು ಅಲ್ಲಿಯ ನಿಯಮ. ಶ್ರದ್ಧೆಯಿಂದ ಹುಟ್ಟಿದ ಕೆಲಸ ಶ್ರದ್ಧೆಯ ಮಾತನ್ನೇ ತಡೆಹಿಡಿಯಿತು. ಅದರಿಂದ ಶ್ರದ್ಧೆಗೆ ಕುಂದಾಯಿತೆಂದು ನನಗೆ ಅನಿಸುವುದಿಲ್ಲ.

'ಸಮಾಲೋಚನೆ' ಎಂದರೆ ಕೂಡಿ ಆಲೋಚಿಸುವುದು. ಒಬ್ಬನೇ ಮಾತನಾಡಿದರೆ ಅದು ಸಮಾಲೋಚನೆಯಾಗದು, ಉಪನ್ಯಾಸವಾದೀತು. ಹೇಳುವುದು ತಪ್ಪಲ್ಲ, ಕೇಳುವುದಕ್ಕೆ ಮೊದಲು ಹೇಳುವುದು ತಪ್ಪು. ಈಗ ನನ್ನ ಕೋಣೆಯಲ್ಲಿ ಎರಡನೆಯ ಕುರ್ಚಿಯೊಂದನ್ನು ಹಾಕಿಸಿದ್ದೇನೆ. ಯಾರಾದರೂ ಬಂದರೆ "ಕೂತ್ಕೋಪ್ಪ" ಎಂದು ಹೇಳಿ, ಆಮೇಲೆ ಸುಮ್ಮನಿರಲು ಪ್ರಯತ್ನಿಸುತ್ತೇನೆ. ಹದಿನೆಂಟು ವರ್ಷದ ಅಭ್ಯಾಸ, ಸುಲಭವಾಗಿ ಬಿಡುವುದಿಲ್ಲ.